ಗುಡ್ಡದ ತಿರುವಿನಲ್ಲಿ ಹನ್ನೊಂದು ನಿಮಿಷ

ಕಾರಿನ ಡಿಕ್ಕಿಯ ಮೇಲೆ ಇಬ್ಬನಿ ಕೂತ ದಿನ ಆ ಅಕ್ಷರ ತಾನಾಗಿ ಮೂಡುತ್ತಿತ್ತು. ಹೆಂಡತಿ ಕೈನ್ವೆನ್ ಹೊರಗೆ ಬರುವುದರೊಳಗೆ ಅದನ್ನು ಒರೆಸಿಬಿಡಬೇಕು. ಇದ್ವಲ್ ಅಡಿಗೆಮನೆಯ ಕಿಟಕಿಯ ಕಡೆ ಒಂದು ಕಣ್ಣಿಟ್ಟುಕೊಂಡೇ ಚರ್ಮದ ಒರೆಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. ಯಾರಾದರೂ ನೋಡಿದರೆ ಇಡೀ ಕಾರನ್ನೇ ಒರೆಸುತ್ತಿದ್ದಾನೆ ಅಂದುಕೊಳ್ಳಲಿ ಎಂದು ಮೊದಲು ಮುಂದಿನ ಗಾಜು, ಆಮೇಲೆ ಬಾಗಿಲುಗಳ ಹಿಡಿ ಒರೆಸಿ, ಕೊನೆಗೆ, ಅದೇನು ಮಹಾ ಎನ್ನುವ ಹಾಗೆ, ಹಿಂದಕ್ಕೆ ಬಂದ. ಅಲ್ಲಿತ್ತು. ಒಂದು ಅಕ್ಷರ, ಒಂದು ಅಂಕಿ. ಮೂರು ತಿಂಗಳ ಹಿಂದೆ ತನ್ನ ಕೈಯಾರೆ ಕಿತ್ತು ತೆಗೆದದ್ದು. ಹತ್ತು ವರ್ಷ ಬಿಸಿಲು ಮಳೆ ತಿಂದ ಬೆಳ್ಳಿಬಣ್ಣದ ನಡುವೆ ಆ ಲೋಹದ ಗುರುತಿನ ಅಡಿಯಲ್ಲಿದ್ದಷ್ಟು ಜಾಗ ಮಾತ್ರ ಹೊಸದಾಗಿಯೇ ಉಳಿದುಬಿಟ್ಟಿತ್ತು. ಒಣಹವೆಯಲ್ಲಿ ಸಂಭಾವಿತನಂತೆ ಸುಮ್ಮನಿರುತ್ತಿತ್ತು. ನಾಲ್ಕು ಹನಿ ಬಿದ್ದದ್ದೇ ಎದ್ದು ಕೂತು ಎಂ5 ಎಂದು ಊರಿಗೆಲ್ಲ ಸಾರುತ್ತಿತ್ತು. ಕಾರಿನ ಹುಚ್ಚು ಇದ್ದವರಿಗೆ ಅಷ್ಟೇ ಸಾಕು. ಹೊರಗಿಂದ ನೋಡಿದರೆ ಯಾವುದೋ ಸಣ್ಣ ಊರಿನ ವಕೀಲರು ಇಟ್ಟುಕೊಳ್ಳುವಂಥ ನಾಲ್ಕು ಬಾಗಿಲಿನ ಮರ್ಯಾದಸ್ಥ ಕಾರು; ಒಳಗಿರುವುದು ಓಟದ ಪಂದ್ಯಕ್ಕೆಂದು ಹದಮಾಡಿದ ಎಂಜಿನ್ನು. ಅವನು ಒರೆಸಿದ. ಹೋಯಿತು. ಒರೆಬಟ್ಟೆ ಹಿಂಡುತ್ತ, ತಾನೀಗ ಯಾವುದನ್ನು ಒರೆಸಿದೆ ಎಂದು ಯಾರಾದರೂ ಕೇಳಿದರೆ ನೀರನ್ನು ಎಂದು ಹೇಳಬಹುದು, ಅದೇನೂ ಸುಳ್ಳಾಗುವುದಿಲ್ಲ ಎಂದುಕೊಂಡ.

ಸುಳ್ಳಾಗುವುದಿಲ್ಲ ಎನ್ನುವುದೇ ಈಚೆಗೆ ಅವನಿಗೆ ಒಂದು ಅಭ್ಯಾಸವಾಗಿತ್ತು. ಹಿಂದಿನ ಕಾರೂ ಬೆಳ್ಳಿಬಣ್ಣದ್ದೇ, ಅದೇ ಕಂಪನಿಯದೇ, ಅದೇ ಆಕಾರದ್ದೇ. ಹನ್ನೆರಡು ವರ್ಷ ಕೆಮ್ಮಿಕೊಂಡು ಓಡಿದ ಡೀಸೆಲ್ ಗಾಡಿ. ಹೊಸದಕ್ಕೂ ಅದೇ ಬಣ್ಣವೇ ಬೇಕೆಂದು ಅವನು ಒಂದು ವರ್ಷ ಕಾದಿದ್ದ. ನೀಲಿ ಬಂತು, ಬಿಟ್ಟ. ಕಪ್ಪು ಬಂತು, ಬೆಲೆ ಕಮ್ಮಿ, ಬಿಟ್ಟ. ಕಡೆಗೆ ಬೆಳ್ಳಿ ಸಿಕ್ಕ ದಿನ ಕೈನ್ವೆನ್‌ಗೆ, “ಹಳೇದನ್ನ ಕೊಟ್ಟು ಅಂಥದೇ ಇನ್ನೊಂದು ತಂದೆ. ಇದು ಸ್ವಲ್ಪ ಹೊಸದು,” ಎಂದಿದ್ದ. ಅವಳು ಕಿಟಕಿಯಿಂದ ಒಮ್ಮೆ ಬಗ್ಗಿ ನೋಡಿ, “ಹೌದಲ್ಲ, ಅಂಥದೇ,” ಎಂದು ಒಲೆಯ ಕಡೆ ತಿರುಗಿದ್ದಳು. ದುಡ್ಡಿನ ಮಾತೇ ಅಲ್ಲ; ನಿವೃತ್ತಿಯಾದಾಗ ಬಂದ ಗಂಟನ್ನು ‘ನಿನ್ನ ಇಷ್ಟ ಬಂದದ್ದಕ್ಕೆ ಹಾಕ್ಕೋ’ ಎಂದು ಅವಳೇ ಹೇಳಿದ್ದಳು. ಅವಳು ಏನನ್ನೂ ಕೇಳದಿದ್ದದ್ದೇ ಅವನನ್ನು ಚುಚ್ಚುತ್ತಿತ್ತು. ಮೂವತ್ತೆರಡು ವರ್ಷ ವೇಲ್ಸಿನ ಜಿಲ್ಲಾ ಕೌನ್ಸಿಲಿನಲ್ಲಿ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದವನು ಅವನು. ಪೊಟ್ಟಣದ ಮೇಲೆ ಬರೆದಿರುವುದು ಪೊಟ್ಟಣದ ಒಳಗಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ದಂಡ ಹಾಕುವುದು, ಇದಿಷ್ಟೇ ಅವನ ಬಾಳುವೆ. ‘ಅಂಥದೇ’ ಎಂಬ ಪದವನ್ನು ಎಷ್ಟು ಅಂಗಡಿಯವರ ಬಾಯಲ್ಲಿ ಕೇಳಿರಲಿಲ್ಲ! ‘ಜೇನಿನಂಥದೇ’, ‘ಬೆಣ್ಣೆಯಂಥದೇ’. ಆಗೆಲ್ಲ ಇದ್ವಲ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಅಂಥದೋ, ಅದೋ?” ಎಂದು ಕೇಳುತ್ತಿದ್ದ. ಒಂದು ಸಲ ಕಟುಕರಂಗಡಿಯ ಗೆಥಿನ್‌ಗೆ, ಮಾಂಸದ ಜೊತೆ ತಟ್ಟೆಯ ತೂಕವನ್ನೂ ಸೇರಿಸಿದ್ದಕ್ಕೆ, ದಂಡ ಹಾಕಿದ್ದ. ಗೆಥಿನ್ ಚಾಪೆಲ್ಲಿನಲ್ಲಿ, ಊರಿನ ಪ್ರಾರ್ಥನಾಮಂದಿರದಲ್ಲಿ, ಅವನ ಎದುರಿನ ಸಾಲಿನಲ್ಲೇ ಕೂರುವವನು, ಒಟ್ಟಿಗೆ ಹಾಡುವವನು. ಚೀಟಿಯನ್ನು ಏಪ್ರನ್ನಿನ ಜೇಬಿಗೆ ತುರುಕುತ್ತ ಅವನು ಅಂದದ್ದು ದಂಡಕ್ಕೆ ಹದಿನೆಂಟು ವರ್ಷವಾದರೂ ಮಾಸಿರಲಿಲ್ಲ: “ನಿನ್ನ ಮೇಲೆ ಯಾರೂ ದಂಡ ಹಾಕೋಕಾಗಲ್ಲ ಕಣಯ್ಯಾ ಇದ್ವಲ್. ನಿನ್ನೊಳಗೆ ಏನಿದೆಯೋ ಅದೇ ಮುಖದ ಮೇಲೂ ಇದೆ. ಇಣುಕಿ ನೋಡೋಕೆ ಏನೂ ಇಲ್ಲ.” ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಕೈನ್ವೆನ್‌ಗೆ ಹೇಳಿ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಅದು ಹೊಗಳಿಕೆಯಲ್ಲ ಎಂದು ಹೊಳೆದಿತ್ತು.

“ಏನು, ಅದರ ಚರ್ಮ ಸುಲೀತೀಯಾ ಇವತ್ತು?” ಕೈನ್ವೆನ್ ಬಾಗಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದಳು. “ಹಳೇ ಗಾಡೀನ ವರ್ಷಕ್ಕೊಂದು ಸಲ ತೊಳೀತಿರ್ಲಿಲ್ಲ. ಇದಕ್ಕೆ ದಿನಾ ಅಭಿಷೇಕ.”

“ಮಂಜು ಕೂತಿತ್ತು.”

“ಮಂಜು ನನ್ನ ತಲೆ ಮೇಲೂ ಕೂರುತ್ತಪ್ಪ, ಯಾರೂ ಒರೆಸಲ್ಲ,” ಎಂದು ಅವಳು ಹತ್ತಿ ಕೂತಳು. ಕೂತು ಮೂಗನ್ನು ಒಮ್ಮೆ ಮೇಲಕ್ಕೆಳೆದುಕೊಂಡಳು. ಅವಳ ಮೂಗು ಹಾಗೆ ಮೇಲೆ ಹೋದಾಗಲೆಲ್ಲ ಇದ್ವಲ್‌ಗೆ ಗಮ್ಮಿನ ವಾಸನೆ ಬಂದಂತಾಗುತ್ತಿತ್ತು. ಗುರುತು ಕಿತ್ತದ್ದು ಅವಳ ಹೇರ್ ಡ್ರೈಯರಿನಿಂದ. ಅವಳು ಹೆಂಗಸರ ಕೂಟಕ್ಕೆ ಹೋದ ಗುರುವಾರ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಗಮ್ಮು ಮೆತ್ತಗಾಗುವ ತನಕ ಬಿಸಿಗಾಳಿ ಊದಿ, ಹಲ್ಲುಸಂದಿ ತೆಗೆಯುವ ದಾರವನ್ನು ಅಕ್ಷರದ ಹಿಂದೆ ತೂರಿಸಿ ಗರಗಸದಂತೆ ಆಚೆ ಈಚೆ ಎಳೆದಿದ್ದ. ಅಕ್ಷರ ಕಳಚಿ ಅಂಗೈಗೆ ಬಿದ್ದಾಗ ಬೆಚ್ಚಗಿತ್ತು, ಗೂಡಿನಿಂದ ಬಿದ್ದ ಮರಿಯ ಹಾಗೆ. ಮಾರನೆಯ ದಿನ ಕೈನ್ವೆನ್ ಕನ್ನಡಿಯ ಮುಂದೆ ನಿಂತು, “ಇದ್ವಲ್, ನನ್ನ ತಲೆ ಯಾಕೋ ಗಮ್ಮಿನ ವಾಸನೆ ಬರ್ತಿದೆ, ನೋಡು,” ಎಂದು ಕೂದಲನ್ನು ಅವನ ಮೂಗಿಗೇ ಹಿಡಿದಿದ್ದಳು. ಅವನು ಮೂಸಿ ನೋಡಿ, “ಇಲ್ವಲ್ಲ,” ಎಂದಿದ್ದ. ಅದೊಂದು ಮಾತ್ರ ಪೂರ್ತಿ ತೂಕದ ಸುಳ್ಳು. ತಿರುಗಿಸಿ ಮುರುಗಿಸಿ ನಿಜ ಮಾಡಲು ಬಾರದ್ದು. ಉಳಿದ ಎಲ್ಲವನ್ನೂ ಅವನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿ ತೂಗಿ ಬಿಟ್ಟುಬಿಡಬಲ್ಲವನಾಗಿದ್ದ. ಈ ‘ಇಲ್ವಲ್ಲ’ ಮಾತ್ರ ತಕ್ಕಡಿಯಿಂದ ಇಳಿಯದೆ ಕೂತಿತ್ತು.

ಊರೊಳಗೆ ಗಂಟೆಗೆ ಇಪ್ಪತ್ತು ಮೈಲಿ ದಾಟುವ ಹಾಗಿಲ್ಲ. ಸರ್ಕಾರ ಕಂಬಕಂಬಕ್ಕೂ ಬರೆಸಿ ಹಾಕಿದೆ. ಇಪ್ಪತ್ತರಲ್ಲಿ ಈ ಕಾರು ಓಡುವುದಿಲ್ಲ, ಓಡದಂತೆ ತಡೆದುಕೊಂಡಿರುತ್ತದೆ ಅಷ್ಟೆ. ದೊಡ್ಡವರ ಪ್ರಾರ್ಥನೆ ಮುಗಿಯುವ ತನಕ ಬೆಂಚಿನ ಮೇಲೆ ಕಾಲು ಅಲ್ಲಾಡಿಸದೆ ಕೂತ ಮಗುವಿನ ಹಾಗೆ. ಆ ತಡೆಯನ್ನು ಇದ್ವಲ್ ತನ್ನ ಬಲಗಾಲಿನ ಹಿಮ್ಮಡಿಯಲ್ಲಿ ಅನುಭವಿಸುತ್ತಿದ್ದ. ಟೆಗ್ವೆನ್ ಆಂಟಿ ಎಂದಿನಂತೆ ತಮ್ಮ ಮನೆ ಗೇಟಿನ ಬಳಿ ನಿಂತಿದ್ದರು. ಎಂಬತ್ತಾರು ವರ್ಷ, ಅದರಲ್ಲಿ ನಲವತ್ತು ಪೋಸ್ಟಾಫೀಸಿನ ಕಿಟಕಿಯ ಹಿಂದೆ. ಭಾನುವಾರ ಅವರನ್ನು ಚಾಪೆಲ್ಲಿಗೆ ಕರೆದೊಯ್ಯುವುದು ಇದ್ವಲ್‌ನ ಪಾಲಿನ ಸೇವೆ. ಹಿಂದಿನ ಸೀಟಿಗೆ ಹತ್ತುವ ಮೊದಲು ಅವರು ಊರುಗೋಲಿನಿಂದ ಕಾರಿನ ಹಿಂಬದಿಯನ್ನು ತಟ್ಟಿದರು.

“ಒಂದು, ಎರಡು, ಮೂರು, ನಾಲ್ಕು. ಯಾಕೋ ಮರೀ, ಇದಕ್ಕೆ ನಾಲ್ಕು ಹೊಗೆ ಪೈಪು?”

“ಈಗಿನ ಕಾಲದವಕ್ಕೆ ಹಾಗೇ ಆಂಟಿ.”

“ಹಳೇದಕ್ಕೆ ಒಂದೇ ಇತ್ತು. ಅದರಲ್ಲೇ ಬೇಕಾದಷ್ಟು ಹೊಗೆ ಬರ್ತಿತ್ತು.” ಒಳಗೆ ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟು, “ಅದು ಕೆಮ್ಮೋದು. ಇದು ಕೆಮ್ಮಲ್ಲ. ನಮ್ಮಪ್ಪ ಊಟದ ಮೇಲೆ ಕೋಪ ಬಂದರೂ ಮಾತಾಡದೆ ಕೂತಿರ್ತಿದ್ದನಲ್ಲ, ಹಾಗಿದೆ,” ಎಂದರು. ಕೈನ್ವೆನ್ ಕಿಟಕಿಯ ಹೊರಗೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಈ ಕಾರನ್ನು ಮಾರಿದವನು ಗಡಿಯಾಚೆಯ ಇಂಗ್ಲಿಷಿನವನು, ಲಡ್ಲೋ ಊರಿನ ಹತ್ತಿರ ಕುದುರೆಗಳಿಗೆ ಮದ್ದು ಕೊಡುವ ಡಾಕ್ಟರು, ಪೆಂಬರ್ಟನ್ ಎಂದು. ಎರಡನೇ ಮಗು ಬರುತ್ತಿದೆ, ಹೆಂಡತಿ ದೊಡ್ಡ ಗಾಡಿ ಕೇಳುತ್ತಾಳೆ ಎಂದು ಮಾರುತ್ತಿದ್ದ. ಇದ್ವಲ್ ಹೋಗಿ ಮೊದಲು ಮಾಡಿದ ಕೆಲಸ ಕೈಕುಲುಕುವುದಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟದ್ದು, ಜ್ವರ ನೋಡುವ ಹಾಗೆ. ಕಳ್ಳ ಮಾರಾಟಗಾರ ಕೊಳ್ಳುವವನು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿರುತ್ತಾನೆ. ತಣ್ಣಗಿದ್ದಾಗ ಬರುವ ಕಟಕಟ ಸದ್ದು ಆಗ ಕೇಳುವುದಿಲ್ಲ. ಬಾನೆಟ್ಟು ತಣ್ಣಗಿತ್ತು. ಆಮೇಲೆ ನಾಲ್ಕು ಟೈರೂ ಒಂದೇ ಜಾತಿಯವೇ ಎಂದು ನೋಡಿದ, ತನ್ನದೇ ಹಿತ್ತಾಳೆಯ ಅಳತೆಗೋಲು ಇಳಿಸಿ ಅವುಗಳ ಗೀರಿನ ಆಳ ಬರೆದುಕೊಂಡ, ಹತ್ತು ವರ್ಷದ ರಿಪೇರಿ ಕಾಗದಗಳನ್ನು ತಾರೀಖಿನಂತೆ ಜೋಡಿಸಿ ಓದಿದ. ಪೆಂಬರ್ಟನ್ ಕೈಕಟ್ಟಿಕೊಂಡು ನಿಂತು, “ನೀವು ಕಾರು ಕೊಳ್ಳೋಕೆ ಬಂದಿದೀರೋ, ನನ್ನ ಜೈಲಿಗೆ ಹಾಕೋಕೆ ಬಂದಿದೀರೋ?” ಎಂದ. ಓಡಿಸಿ ನೋಡುವಾಗ ಇದ್ವಲ್ ನಲವತ್ತರಲ್ಲೇ ಎರಡು ಮೈಲಿ ಹೋದ. “ಸ್ವಾಮೀ, ಪಿಯಾನೋ ಕೊಳ್ಳೋಕೆ ಬಂದು ಮುಚ್ಚಳದ ಧೂಳು ನೋಡ್ತಿದೀರಲ್ಲ. ಒಂದು ಸಲ ಒತ್ತಿ. ನಿಮ್ಮ ವೇಲ್ಸಿಗೆ ಹೋದಮೇಲೆ ಇಪ್ಪತ್ತರಲ್ಲೇ ತೆವಳೋದು ಇದ್ದೇ ಇದೆ.” ಇದ್ವಲ್ ಒತ್ತಿದ. ಆಗ ಒಂದು ಸದ್ದು ಬಂತು. ಎಂಜಿನ್ನಿನಿಂದಲೂ ಬಂತು, ಅದಲ್ಲ. ಅವನ ಬಾಯಿಂದಲೇ ಬಂತು, ‘ಓ’ ಎಂದು, ಎದೆಯ ತಳದಿಂದ, ಚಾಪೆಲ್ಲಿನಲ್ಲಿ ಹಾಡೆತ್ತುವ ಸ್ವರದಲ್ಲೇ. ಪೆಂಬರ್ಟನ್ ಸಭ್ಯ ಮನುಷ್ಯ, ತಕ್ಷಣ ಮುಖವನ್ನು ಹೊರಗಿನ ಕುರಿಗಳ ಕಡೆ ತಿರುಗಿಸಿಕೊಂಡ. ವೃದ್ಧರೊಬ್ಬರು ಊಟದ ಮೇಜಿನಲ್ಲಿ ತೇಗಿದಾಗ ಮಕ್ಕಳು ತಿರುಗಿಸಿಕೊಳ್ಳುವ ಹಾಗೆ. ಆ ತಿರುಗಿದ ಮುಖವನ್ನು ನೆನೆದರೆ ಇದ್ವಲ್‌ನ ಕಿವಿ ಈಗಲೂ ಬಿಸಿಯಾಗುತ್ತದೆ. ಆದರೂ ವಾಪಸು ಹೋಗುವಾಗ ಇನ್ನೊಂದು ಸಲ ಒತ್ತಿದ್ದ, ತುಟಿ ಕಚ್ಚಿಕೊಂಡು.

ಚಾಪೆಲ್ಲಿನಲ್ಲಿ ಮಧ್ಯಾಹ್ನ ಎರಡಕ್ಕೆ ಶುರುವಾಗುವ ಆರಾಧನೆಗೆ ಇಪ್ಪತ್ತಮೂರು ಜನ ಬಂದಿದ್ದರು. ಅಷ್ಟೇ ಜನ ಬರುವುದು. ಒಳಗೆ ಮೈಕೊರೆಯುವ ಚಳಿ, ಅದಕ್ಕೇ ಶುರುವಾಗುವ ತನಕ ಎಲ್ಲರೂ ಪಕ್ಕದ ಚಿಕ್ಕ ಕೋಣೆಯಲ್ಲಿ ಹೀಟರಿನ ಸುತ್ತ ಕೋಟು ಹಾಕಿಕೊಂಡೇ ನಿಲ್ಲುತ್ತಾರೆ. ಮಧ್ಯಾಹ್ನದವರೆಗೂ ಕೂತಿದ್ದ ಮಂಜು ಎತ್ತಿತ್ತು, ಬಿಸಿಲು ಸಣ್ಣಗೆ ಬಿದ್ದಿತ್ತು, ಇನ್ನು ಡಿಕ್ಕಿಯ ಚಿಂತೆಯಿಲ್ಲ ಎಂದು ಇದ್ವಲ್ ದೇವರಿಗೆ ಮನಸ್ಸಿನಲ್ಲೇ ಸಣ್ಣದೊಂದು ವಂದನೆ ಸಲ್ಲಿಸಿದ. ಎರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಕೈನ್ವೆನ್‌ಗೆ ಫೋನು ಬಂತು. ಪಾದ್ರಿ ಬೆಬ್ ಅವರದು. ಈಗ ಒಂದೊಂದು ಚಾಪೆಲ್ಲಿಗೂ ಒಬ್ಬೊಬ್ಬ ಪಾದ್ರಿ ಎಲ್ಲಿ ಸಿಗುತ್ತಾರೆ; ಬೆಬ್ ಬೆಳಿಗ್ಗೆ ಗುಡ್ಡದಾಚೆ ಪೆಂಟ್ರೆಯಲ್ಲಿ ಪ್ರಸಂಗ ಮುಗಿಸಿ, ಮಧ್ಯಾಹ್ನ ಇಲ್ಲಿಗೆ ಬರಬೇಕು. ಕಾರಿನ ಕ್ಲಚ್ ಹೋಗಿ ಅಲ್ಲೇ ನಿಂತಿದ್ದಾರೆ.

“ಇದ್ವಲ್ ಹೋಗಿ ಕರ್ಕೊಂಡು ಬರ್ತಾನೆ,” ಎಂದು ಕೈನ್ವೆನ್ ಅವನನ್ನು ಕೇಳದೆಯೇ ಫೋನಿಗೆ ಹೇಳಿದಳು. ಆಮೇಲೆ ಅವನ ಕಡೆ ತಿರುಗಿ, “ಹನ್ನೊಂದು ಮೈಲಿ. ಹೋಗೋಕೆ ಇಪ್ಪತ್ತೈದು ನಿಮಿಷ, ಬರೋಕೆ ಇಪ್ಪತ್ತೈದು. ನಾವು ಕಾಯ್ತೀವಿ. ಆ ಗಾಡಿಗೆ ಆಯಾಸ ಮಾಡಬೇಡ.”

ಗುಡ್ಡದ ದಾರಿಯಲ್ಲಿ ಅರವತ್ತರ ಮಿತಿ. ಇದ್ವಲ್ ಅರವತ್ತೊಂದಕ್ಕೆ ಹೋಗಲಿಲ್ಲ. ಮುಂದೆ ಎಂದಾದರೂ, ಯಾರ ಮುಂದಾದರೂ, ಆಣೆ ಮಾಡಿ ಹೇಳಬಲ್ಲ. ಬೇರೆಯವರು ಒಂದು ತಿರುವು ಮುಗಿಸಿ ಮುಂದಿನ ತಿರುವು ಬರುವ ತನಕ ನಲವತ್ತಕ್ಕೆ ಏರಿರುತ್ತಾರೆ, ಅವನು ಅಷ್ಟರಲ್ಲಿ ಅರವತ್ತು ಮುಟ್ಟಿ ಮತ್ತೆ ಇಳಿದಿರುತ್ತಿದ್ದ, ಅಷ್ಟೇ ವ್ಯತ್ಯಾಸ. ಆದರೆ ಆ ‘ಅಷ್ಟೇ’ಯೊಳಗೆ ಏನೆಲ್ಲ ಇತ್ತು! ಗುಡ್ಡ ತನ್ನ ಬೆನ್ನನ್ನು ಅವನ ಕೈಗೆ ಕೊಟ್ಟಂತಿತ್ತು. ಕಂದು ಹುಲ್ಲು, ಕಲ್ಲುಗೋಡೆ, ಬಾಯಲ್ಲಿ ಹುಲ್ಲಿಟ್ಟುಕೊಂಡು ನೋಡುವ ಕುರಿ, ಎಲ್ಲ ಒಂದೇ ಉಸಿರಿನಲ್ಲಿ ಹಾಡಿದ ಸಾಲಿನ ಪದಗಳ ಹಾಗೆ ಒಂದಕ್ಕೊಂದು ಕೂಡಿಕೊಂಡು ಹಿಂದೆ ಸರಿದವು. ಏಳು ವರ್ಷದವನಿದ್ದಾಗ ಪ್ರತಿ ಭಾನುವಾರ ಚಾಪೆಲ್ಲಿನ ಹಿರಿಯರು ಕೂರುವ ದೊಡ್ಡ ಪೀಠದ ಮುಂದೆ ನಿಂತು ಬೈಬಲಿನ ಒಂದು ವಚನ ಒಪ್ಪಿಸಬೇಕಿತ್ತು. ಎಲ್ಲ ಮಕ್ಕಳೂ ಎರಡೇ ಪದದ ಚಿಕ್ಕ ವಚನ ಒಪ್ಪಿಸಿ ಓಡಿಹೋಗುತ್ತಿದ್ದರು. ಇದ್ವಲ್‌ಗೆ ಮಾತ್ರ ಅವನ ತಾಯಿ ಉದ್ದದ್ದನ್ನೇ ಕಲಿಸಿದ್ದಳು. ಅವನು ಕೈಗಳನ್ನು ಹಿಂದೆ ಕಟ್ಟಿ, ನಿಧಾನವಾಗಿ, ಒಂದೂ ಪದ ಬೀಳಿಸದೆ, ತುಂಬಿದ ಲೋಟ ಒಯ್ಯುವವನಂತೆ ಕೊನೆ ಮುಟ್ಟಿಸುತ್ತಿದ್ದ. ಅರವತ್ತು ವರ್ಷ ಅದೇ ಲೋಟ. ಈಗ ಗುಡ್ಡದ ನೆತ್ತಿಯ ಉಬ್ಬಿನ ಮೇಲೆ ಕಾರು ಒಂದು ಕ್ಷಣ ಹಗುರಾಯಿತು. ಲೋಟ ಚೆಲ್ಲಿತು. ಅವನು ನಗುತ್ತಿದ್ದ.

ಬೆಬ್ ಎಪ್ಪತ್ತೆರಡರ ಸಣಕಲು ಮನುಷ್ಯ. ಹೋಗಿ ಮುಟ್ಟಿದಾಗ ಕೆಟ್ಟ ಕಾರಿಗೆ ಒರಗಿಕೊಂಡು ರೊಟ್ಟಿ ತಿನ್ನುತ್ತಿದ್ದರು. “ಇಷ್ಟು ಬೇಗ? ನಾನು ಫೋನ್ ಇಟ್ಟು ಇನ್ನೂ ರೊಟ್ಟಿಯ ಎರಡನೇ ತುಂಡಿಗೇ ಬಂದಿಲ್ಲ,” ಎಂದು ಹತ್ತಿದರು. ವಾಪಸು ಬರುವಾಗ ಮೊದಲ ಮೂರು ತಿರುವು ತಮ್ಮ ಪ್ರಸಂಗ ಓದಿಕೊಂಡರು. ನಾಲ್ಕನೆಯದರಲ್ಲಿ ಪ್ರಸಂಗದ ಕಾಗದಗಳನ್ನು ಮಡಿಸಿ ಕೋಟಿನೊಳಗೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡರು. ಏಳನೆಯದರಲ್ಲಿ, “ಇದ್ವಲ್ ಅವರೇ, ಇವತ್ತಿನ ನನ್ನ ವಿಷಯ ತಾಳ್ಮೆ,” ಎಂದರು.

“ನಿಧಾನ ಮಾಡಲೇ?”

“ನಾನು ಹಾಗೆ ಹೇಳಲಿಲ್ಲವಲ್ಲ.”

ಚಾಪೆಲ್ಲಿನ ಮೇಲಿನ ಕೊನೆಯ ತಿರುವಿಗೆ ಬಂದಾಗ ಇದ್ವಲ್ ಗಡಿಯಾರ ನೋಡಿದ. ಎರಡು ಹದಿನೈದು. ಪೆಂಟ್ರೆಯಿಂದ ಹೊರಟದ್ದು ಎರಡಕ್ಕೆ. ಹನ್ನೊಂದು ಮೈಲಿಯ ಗುಡ್ಡದ ದಾರಿ ಹದಿನೈದು ನಿಮಿಷದಲ್ಲಿ. ಅವನ ಹಳೆಯ ಕಾರಿಗಾಗಲಿ, ಕೈನ್ವೆನ್ ಅಂದುಕೊಂಡಿರುವ ಯಾವ ಕಾರಿಗಾಗಲಿ ಹಾಗೆ ಬರುವುದು ಸಾಧ್ಯವಿರಲಿಲ್ಲ. ಈಗ ಇಳಿದು ಹೋದರೆ ಇಪ್ಪತ್ತಮೂರು ಜನರೂ ಮಣಿಕಟ್ಟು ನೋಡಿಕೊಳ್ಳುತ್ತಾರೆ, ಗೆಥಿನ್ ಹುಬ್ಬೇರಿಸುತ್ತಾನೆ. ಕೈನ್ವೆನ್ ಏನೂ ಅನ್ನುವುದಿಲ್ಲ. ಮೂಗು ಮಾತ್ರ ಮೇಲೆ ಹೋಗುತ್ತದೆ. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವಳು, ಗಂಡನ ವಿಷಯದಲ್ಲಿ ‘ಒಳಗೂ ಹೊರಗೂ ಒಂದೇ’ ಎಂದು ನಂಬಿ ನೆಮ್ಮದಿಯಾಗಿರುವವಳು, ತನ್ನ ಕೂದಲಿನ ಗಮ್ಮಿನ ವಾಸನೆಯಿಂದ ಹಿಡಿದು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕೂಡಿ ಕಳೆದುಬಿಡುತ್ತಾಳೆ. ಆಮೇಲೆ ಅವನು ಉಪ್ಪು ಕಮ್ಮಿಯಿಲ್ಲ ಎಂದರೂ ಅವಳು ಒಮ್ಮೆ ರುಚಿ ನೋಡುತ್ತಾಳೆ. ಕಾರು ಹೋದರೆ ಹೋಗಲಿ. ಆ ರುಚಿ ನೋಡುವಿಕೆಯನ್ನು ಅವನು ತಾಳಲಾರ. ತಿರುವಿನಲ್ಲಿ ಗಾಡಿಗಳು ಒಂದಕ್ಕೊಂದು ದಾರಿ ಬಿಡಲೆಂದು ಸ್ವಲ್ಪ ಅಗಲ ಮಾಡಿದ್ದ ಜಾಗವಿತ್ತು. ಇದ್ವಲ್ ಅಲ್ಲಿಗೆ ಎಳೆದು ನಿಲ್ಲಿಸಿ, ಎಂಜಿನ್ ಆರಿಸಿದ.

“ಇಲ್ಲೇನು?” ಎಂದರು ಬೆಬ್.

“ನಾವು ಬೇಗ ಬಂದುಬಿಟ್ಟಿದೀವಿ ಪಾದ್ರಿಗಳೇ.”

“ಎರಡಕ್ಕೆ ಶುರುವಾಗಬೇಕಿತ್ತು. ಹದಿನೈದು ನಿಮಿಷ ತಡವಾಗಿದೆ.”

“ಹೌದು. ಆದರೆ ಬೇಗ.” ಬೇರೆ ದಾರಿಯಿಲ್ಲದೆ, ಮೆಟ್ಟಿಲಿಳಿದ ಹಾಗೆ ಒಂದೊಂದೇ ವಾಕ್ಯದಲ್ಲಿ, ಇದ್ವಲ್ ಹೇಳಿದ: ಈ ಕಾರು ಏನು, ಹೆಂಡತಿಗೆ ಏನೆಂದು ಗೊತ್ತು, ಇನ್ನೂ ಎಷ್ಟು ಹೊತ್ತು ಇಲ್ಲಿ ಕೂರಬೇಕು. ಬೆಬ್ ಕಿವಿ ಕೊಟ್ಟು ಕೇಳಿದರು, ತಪ್ಪೊಪ್ಪಿಗೆ ಕೇಳುವುದು ತಮ್ಮ ಪಂಗಡದ ಪದ್ಧತಿಯಲ್ಲದಿದ್ದರೂ. ಮುಗಿದ ಮೇಲೆ ಜೇಬಿನಿಂದ ಪೆಪ್ಪರ್ಮಿಂಟಿನ ಸುರುಳಿ ತೆಗೆದು ಅವನಿಗೊಂದು ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. “ನಾವೇನೂ ಸುಳ್ಳು ಹೇಳ್ತಿಲ್ಲ,” ಎಂದರು ಅದನ್ನು ಒಂದು ಕೆನ್ನೆಗೆ ಸರಿಸಿ. “ಸುಮ್ಮನೆ ಕೂತಿದೀವಿ.” ಇದ್ವಲ್‌ಗೆ ಇದನ್ನು ಎಲ್ಲೋ ಕೇಳಿದಂತಾಯಿತು. ತನ್ನದೇ ತಲೆಯೊಳಗೆ, ಮೂರು ತಿಂಗಳಿಂದ. ಬೇರೆಯವರ ಬಾಯಲ್ಲಿ ಅದು ಎಷ್ಟು ತೆಳ್ಳಗೆ ಕೇಳಿಸಿತೆಂದರೆ ಅವನಿಗೆ ಪಾದ್ರಿಗಳ ಬಗ್ಗೆ ಕನಿಕರ ಬಂತು. ಆರಿಸಿದ ಎಂಜಿನ್ನು ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು. ಕೆಳಗೆ ಚಾಪೆಲ್ಲಿನ ಹೆಂಚು, ಸಮಾಧಿಗಳ ಕಲ್ಲು, ಚಿಕ್ಕ ಕೋಣೆಯ ಕಿಟಕಿ. ಬಿಸಿಲಿಗೆ ಆ ಕಿಟಕಿಯ ಗಾಜು ಮಿನುಗುತ್ತಿತ್ತು. ಅದರಾಚೆ ಕೋಟು ತೊಟ್ಟ ಮುದುಕರು ಚಳಿಯಲ್ಲಿ ತನ್ನಿಂದಾಗಿ ನಿಂತಿದ್ದಾರೆ ಎಂದು ಅವನು ಮರುಗಿದ. ಆದರೂ ಮರುಗುತ್ತಲೇ ನಿಮಿಷ ಎಣಿಸಿದ. ಎರಡು ಇಪ್ಪತ್ತಾರಕ್ಕೆ ಸ್ಟಾರ್ಟ್ ಮಾಡಿ, ಯಾವ ಶವಯಾತ್ರೆಗೂ ಒಪ್ಪುವ ವೇಗದಲ್ಲಿ ಇಳಿದು ಬಂದ.

ಚಿಕ್ಕ ಕೋಣೆಯಲ್ಲಿ ಎಲ್ಲರೂ ಬಹಳ ಆದರದಿಂದ ಇದ್ದರು. ಪಾದ್ರಿಗಳಿಗೆ ಚಹಾ ಕೊಟ್ಟರು, ಕ್ಲಚ್ಚಿನ ಬಗ್ಗೆ ಕೇಳಿದರು. ಯಾರೂ ಗಡಿಯಾರದ ಮಾತೆತ್ತಲಿಲ್ಲ. ಕೈನ್ವೆನ್ ಅವನ ಕೊರಳಪಟ್ಟಿ ಸರಿಮಾಡುತ್ತ ಕೆಳದನಿಯಲ್ಲಿ, “ಮೇಲೆ ಗಾಳಿ ಜೋರಿತ್ತಾ?” ಎಂದಳು.

“ಪರವಾಗಿರಲಿಲ್ಲ.”

“ಅಷ್ಟು ಹೊತ್ತು ಕೂತಿದ್ರಲ್ಲ, ಕಿಟಕಿ ತೆಗೆದಿದ್ರೋ ಏನೋ, ಶೀತ ಆಗುತ್ತೆ ಅಂತ ಕೇಳ್ದೆ.”

ಇದ್ವಲ್ ನಿಧಾನವಾಗಿ ತಿರುಗಿದ. ಕಿಟಕಿಯ ಚೌಕಟ್ಟಿನಲ್ಲಿ, ಯಾರೋ ಅಳತೆ ತೆಗೆದು ಕಟ್ಟುಹಾಕಿಸಿದಂತೆ, ಬೋಳು ಗುಡ್ಡ, ಒಂದೂ ಮರವಿಲ್ಲದ ಗುಡ್ಡ, ಅದರ ನಡುಮಧ್ಯದಲ್ಲಿ ಆ ತಿರುವು. ಅಲ್ಲಿ ಒಂದು ಕುರಿ ನಿಂತಿತ್ತು. ಅದರ ಕಿವಿಯ ಬಣ್ಣದ ಗುರುತೂ ಕಾಣುತ್ತಿತ್ತು. ಬೆಳ್ಳಿಬಣ್ಣದ ಕಾರು ಬಿಸಿಲಿಗೆ ಹೇಗೆ ಕಂಡಿರಬೇಕು! ಹುಟ್ಟಿದಂದಿನಿಂದ ಈ ಕಿಟಕಿಯಲ್ಲಿ ಆ ತಿರುವನ್ನು ನೋಡಿದವನು. ತಿರುವಿನಲ್ಲಿ ಕೂತಾಗ ಮಾತ್ರ ಕಿಟಕಿಗೂ ಕಣ್ಣಿದೆ ಎಂಬುದು ಹೊಳೆಯಲಿಲ್ಲ. ಗೆಥಿನ್ ಪಕ್ಕಕ್ಕೆ ಬಂದು, ಚಹಾದ ಲೋಟದೊಳಗೆ ಬಾಯಿಟ್ಟುಕೊಂಡೇ ಪಿಸುಗುಟ್ಟಿದ: “ಮೂರು ತಿಂಗಳಿಂದ ನಾಲಿಗೆ ಕಚ್ಚಿಕೊಂಡು ಸಾಕಾಯ್ತು ಕಣಯ್ಯಾ. ನಾಲ್ಕು ಪೈಪು ನೋಡಿ ನಾನು ಮೊದಲನೇ ವಾರವೇ ಕೇಳೋಣ ಅಂತಿದ್ದೆ. ನಿನ್ನ ಹೆಂಡತಿ ಮನೆಮನೆಗೂ ಫೋನ್ ಮಾಡಿದಾಳೆ. ‘ಅವನಾಗೇ ಹೇಳೋ ತನಕ ಯಾರೂ ಕೇಳಬೇಡಿ, ಪಾಪ, ಖುಷಿಯಾಗಿದಾನೆ’ ಅಂತ.”

ತಾಳ್ಮೆಯ ಮೇಲಿನ ಪ್ರಸಂಗ ಮೂವತ್ತು ನಿಮಿಷ ನಡೆಯಿತು. ದೊಡ್ಡ ಪೀಠದಲ್ಲಿ ಹಿರಿಯರ ಸಾಲಿನಲ್ಲಿ, ಜನರ ಕಡೆಗೆ ಮುಖ ಮಾಡಿ ಕೂತ ಇದ್ವಲ್‌ಗೆ ಒಂದು ಪದವೂ ಕೇಳಲಿಲ್ಲ. ಎದುರಿಗೆ ಇಪ್ಪತ್ತಮೂರು ಮುಖ. ಎಲ್ಲದರಲ್ಲೂ ಅದೇ ಕರುಣೆ, ಪೆಂಬರ್ಟನ್ ಕುರಿಗಳ ಕಡೆ ತಿರುಗಿಸಿಕೊಂಡ ಮುಖದ ಕರುಣೆ. ಬೈದಿದ್ದರೆ, ನಕ್ಕಿದ್ದರೆ, ದಂಡ ಹಾಕಿದ್ದರೆ ಆಗುತ್ತಿತ್ತು. ತಾನು ಬಚ್ಚಿಟ್ಟುಕೊಂಡಿದ್ದೇನೆ ಎಂದು ಹಿಗ್ಗಿದ್ದ ಅಷ್ಟು ದಿನವೂ ಇವರೆಲ್ಲ ಸೇರಿ ಅವನಿಗೋಸ್ಕರ ಬಚ್ಚಿಟ್ಟಿದ್ದರು. ಮಗು ಪರದೆಯ ಹಿಂದೆ ನಿಂತಿದೆ, ಕಾಲು ಕಾಣುತ್ತಿದೆ, ಮನೆಯವರೆಲ್ಲ ‘ಎಲ್ಲಿ ಹೋಯ್ತೋ’ ಎಂದು ಹುಡುಕುತ್ತಿದ್ದಾರೆ. ಮೂರನೇ ಸಾಲಿನಲ್ಲಿ ಕೈನ್ವೆನ್. ಅವಳು ಅವನನ್ನು ನೋಡುತ್ತಿರಲಿಲ್ಲ. ಅವಳ ಮುಖದಲ್ಲಿ ಮಾತ್ರ ಆ ಕರುಣೆಯಿರಲಿಲ್ಲ, ದಣಿವಿತ್ತು. ಅದು ತನ್ನ ಕಣ್ಣಿಗೆ ಈಗ ಬಿತ್ತೋ, ಮೂರು ತಿಂಗಳಿಂದ ಇತ್ತೋ? ಗಂಡನ ಸುಳ್ಳಿಗೆ ಕಾವಲು ಕೂರುವುದೂ ಒಂದು ದುಡಿಮೆಯೇ ಎಂದು ಅವನಿಗೆ ತಿಳಿಯಿತು.

ಪ್ರಸಂಗ ಮುಗಿದ ಮೇಲೆ ವಾರದ ಪ್ರಕಟಣೆಗಳನ್ನು ಹೇಳುವುದು ಅವನ ಕೆಲಸ. ಎದ್ದು ನಿಂತ. “ಮಂಗಳವಾರ ಸಂಜೆ ಆರಕ್ಕೆ ಪ್ರಾರ್ಥನಾಕೂಟ. ಗುರುವಾರ ಹೆಂಗಸರ ಕೂಟಕ್ಕೆ ಬರುವವರು ಅವರವರ ಲೋಟ ಅವರೇ ತರಬೇಕು. ಮುಂದಿನ ಭಾನುವಾರ ಆರಾಧನೆ ಬೆಳಿಗ್ಗೆ ಹತ್ತಕ್ಕೆ.” ಚೀಟಿ ಮಡಿಸಿದ. ಎಲ್ಲರೂ ಹಾಡಿನ ಪುಸ್ತಕಕ್ಕೆ ಕೈ ಹಾಕಿದರು. ಅವನು ಕೂರಲಿಲ್ಲ. ಕೈಗಳು ತಾವಾಗಿಯೇ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು.

“ಇನ್ನೊಂದು ಇದೆ. ಹೊರಗೆ ನಿಂತಿರುವ ನನ್ನ ಕಾರು ಹಳೆಯದರಂಥದಲ್ಲ. ಅದು ಎಂ5. ಅದರ ಹೆಸರನ್ನು ಕಿತ್ತವನು ನಾನೇ, ಕೈನ್ವೆನ್‌ನ ಹೇರ್ ಡ್ರೈಯರಿನಿಂದ. ಗಮ್ಮಿನ ವಾಸನೆ ಬರುತ್ತಿದೆ ಎಂದು ಅವಳು ಅಂದಾಗ ಇಲ್ಲ ಎಂದೆ. ಬರುತ್ತಿತ್ತು. ಇವತ್ತು ನಾವು ಎರಡೂಕಾಲಿಗೇ ಗುಡ್ಡದ ತಿರುವಿಗೆ ಬಂದಿದ್ದೆವು. ಅದು ಯಾರಿಗೂ ತಿಳಿಯಬಾರದೆಂದು ನಿಮ್ಮನ್ನು ಹನ್ನೊಂದು ನಿಮಿಷ ಚಳಿಯಲ್ಲಿ ಕಾಯಿಸಿದೆ.”

ಮೇಲೆ ಎಲ್ಲೋ ಪಾರಿವಾಳವೊಂದು ರೆಕ್ಕೆ ಬಡಿದುಕೊಂಡಿತು. ಆಮೇಲೆ ಮುಂದಿನ ಸಾಲಿನಿಂದ ಟೆಗ್ವೆನ್ ಆಂಟಿಯ ದನಿ, ಪೋಸ್ಟಾಫೀಸಿನ ಕಿಟಕಿಯ ಹಿಂದಿನ ಆ ದೊಡ್ಡ ದನಿ:

“ಹದಿಮೂರು.”

“ಹನ್ನೊಂದು ಆಂಟಿ. ನಾನು ನೋಡಿದೀನಿ.”

“ಹದಿಮೂರು ಕಣೋ. ನಲವತ್ತು ವರ್ಷ ಪೋಸ್ಟಾಫೀಸಿನ ಗಡಿಯಾರಕ್ಕೆ ಕೀಲಿ ಕೊಟ್ಟವಳು ನಾನು. ಅಳತೆಯಲ್ಲಿ ಎರಡು ಕಮ್ಮಿ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?”

ಗೆಥಿನ್‌ನ ಮೂಗಿನಿಂದ ಮೊದಲು ಬಂತು, ಆಮೇಲೆ ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಚಾಪೆಲ್ಲಿನ ಆ ಚಳಿಗೋಡೆಗಳು ಅಂಥ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ. “ಪೆಪ್ಪರ್ಮಿಂಟು ನನ್ನದು, ಅದನ್ನೂ ಬರೆದುಕೊಳ್ಳಿ,” ಎಂದರು ಬೆಬ್ ಪ್ರಸಂಗಪೀಠದ ಮೇಲಿನಿಂದ, ಕಾಗದಗಳ ಹಿಂದೆ ಮುಖ ಹುದುಗಿಸಿಕೊಂಡು. ಕೈನ್ವೆನ್ ನಗಲಿಲ್ಲ. ತೊಡೆಯ ಮೇಲಿನ ಹಾಡಿನ ಪುಸ್ತಕವನ್ನೇ ನೋಡುತ್ತ ಕೂತಿದ್ದಳು. ಇದ್ವಲ್‌ಗೆ ಆ ನಗೆಯ ನಡುವೆ ಅದೊಂದು ತಗ್ಗಿದ ತಲೆ ಮಾತ್ರ ಕಾಣುತ್ತಿತ್ತು.

ಕೊನೆಯ ಹಾಡು ಎತ್ತಬೇಕು. ಆರ್ಗನ್ ನುಡಿಸುವವರಿಲ್ಲದೆ ಏಳು ವರ್ಷವಾಯಿತು. ಅವನ ಸ್ವರವೇ ಎಲ್ಲರಿಗೂ ಆಧಾರ. ಜನ ಎದ್ದು ನಿಂತರು. ಅವನು ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ. ಬಂದದ್ದು ಸ್ವರವಲ್ಲ, ಬಾಗಿಲ ಕೀಲಿನ ಹಾಗೆ ಏನೋ ಕಿರುಗುಟ್ಟಿತು. ಮತ್ತೆ ತೆರೆದ. ಅದೂ ಬರಲಿಲ್ಲ. ಅವನು ಹಾಡೆತ್ತತೊಡಗಿದ ಮೂವತ್ತೊಂದು ವರ್ಷದಲ್ಲಿ ಹೀಗಾದದ್ದಿಲ್ಲ. ಇಪ್ಪತ್ತಮೂರು ಜನ ಪುಸ್ತಕ ಹಿಡಿದು, ನಗು ಒರೆಸಿಕೊಂಡು, ಅವನ ಬಾಯನ್ನೇ ನೋಡುತ್ತ ನಿಂತರು.

ಆಗ ಮೂರನೇ ಸಾಲಿನಿಂದ, ತಲೆಯೆತ್ತದೆ, ಪುಟದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತಲೇ, ಕೈನ್ವೆನ್ ಹಾಡೆತ್ತಿದಳು. ಅವನು ಎಂದೂ ಹಿಡಿಯದಷ್ಟು ತಗ್ಗಿನಲ್ಲಿ, ಮುದುಕರಿಗೂ ಎಟಕುವ ಸ್ಥಾಯಿಯಲ್ಲಿ, ಯಾವ ಅವಸರವೂ ಇಲ್ಲದೆ. ಒಬ್ಬೊಬ್ಬರಾಗಿ ಎಲ್ಲರೂ ಅವಳ ಹಿಂದೆ ಹೊರಟರು. ಹಾಡಿನ ಮೊದಲ ಸಾಲು ಮುಗಿಯುವ ತನಕ ಅವಳು ಕಾದಳು. ಆಮೇಲೆ ಪುಸ್ತಕದ ಮೇಲಿನಿಂದ ಅವನನ್ನೇ ನೇರವಾಗಿ ನೋಡಿದಳು; ಏನು, ಬರ್ತೀಯೋ ಇಲ್ಲವೋ ಎಂದು ಹುಬ್ಬು ಕೇಳಿತು. ಇದ್ವಲ್ ಎರಡನೇ ಸಾಲಿಗೆ ಸೇರಿಕೊಂಡ.